ದೋಣಿಯ ತಳ ತಟ್ಟುವ ಮಾಯವ್ವ

ಕೊಣ್ಣೂರಿನ ಅಂಬಿಗೇರ ಮಾಯವ್ವನಿಗೆ ಪಿಸುಮಾತು ಬರುವುದಿಲ್ಲ. ಎಪ್ಪತ್ತು ದಾಟಿದ ಈ ಮುದುಕಿ ತನ್ನ ಆಯುಷ್ಯದ ಬಹುಭಾಗವನ್ನು ಮಲಪ್ರಭೆಯ ಈ ದಡದಿಂದ ಆ ದಡದವರನ್ನು ಕೂಗಿ ಕರೆಯುವುದರಲ್ಲಿಯೇ ಕಳೆದವಳಾದ್ದರಿಂದ, ಹತ್ತಿರ ಮತ್ತು ದೂರ ಎಂಬ ಭೇದವೇ ಅವಳ ಗಂಟಲಿನಿಂದ ಅಳಿಸಿಹೋಗಿದೆ. ಮದುವೆಯ ಹಂದರದಲ್ಲಿ ಪಕ್ಕದವಳ ಕಿವಿಗೆ ಬಾಯಿ ಹಚ್ಚಿ, "ಹೋಳಿಗಿ ಬಿರಸ ಆಗ್ಯಾವ, ಯಾರ ಮುಂದೂ ಅನಬ್ಯಾಡ" ಎಂದು ಅವಳು ಗುಟ್ಟು ಹೇಳಿದರೆ, ಹಿತ್ತಿಲಿನಲ್ಲಿ ಒಲೆಯ ಮುಂದೆ ಕುಳಿತ ಅಡಿಗೆಯವನು ತಲೆ ಎತ್ತಿ ನೋಡುತ್ತಾನೆ. ಊರಿನವರು ತಮ್ಮ ಗುಟ್ಟುಗಳನ್ನು ಅವಳಿಂದ ಕಾಪಾಡಿಕೊಳ್ಳುತ್ತಾರೆ. ಅವಳು ಚಾಡಿಕೋರಳೆಂದಲ್ಲ, ಆ ಕಂಠಕ್ಕೆ ಬಾಗಿಲಿಲ್ಲವೆಂದು.

ನಡೆಯುವಾಗ ಎರಡೂ ಪಾದಗಳನ್ನು ಅಗಲಿಸಿ, ನೆಲ ಇನ್ನೇನು ಓಲಾಡೀತೆಂಬ ಸಣ್ಣ ಗುಮಾನಿಯಲ್ಲಿ ಹೆಜ್ಜೆ ಇಡುತ್ತಾಳೆ. ಓಲಾಡದಿದ್ದುದನ್ನು ಕಂಡು ಪ್ರತಿ ಹೆಜ್ಜೆಗೂ ಒಂದಿಷ್ಟು ನಿರಾಶೆಗೊಂಡವಳಂತೆ ತೋರುತ್ತಾಳೆ. ಇಳಕಲ್ಲ ಸೀರೆಯ ಮೇಲೆ, ಬೇಸಗೆ ಮಳೆಗಾಲವೆನ್ನದೆ, ಮೊಣಕಾಲಿಗೆ ಇಳಿಯುವ ಖಾಕಿ ಮಳೆಕೋಟು. ಹೊಳೆಯಾಚೆಯ ಕೆಲಸಕ್ಕೆ ಬಂದಿದ್ದ ಯಾರೋ ಸಾಹೇಬನನ್ನು ಒಂದು ಮಳೆಗಾಲವಿಡೀ ದಾಟಿಸಿದ್ದಕ್ಕೆ, ಅವನು ವರ್ಗವಾಗಿ ಹೋಗುವ ದಿನ ಮೈಮೇಲಿನದನ್ನೇ ಬಿಚ್ಚಿ ಕೊಟ್ಟು ಹೋದನಂತೆ. ಗುಂಡಿಗಳೆಲ್ಲ ಉದುರಿ ಆ ಜಾಗಕ್ಕೆ ಬಲೆಯ ದಾರದ ಗಂಟುಗಳು ಬಂದಿವೆ. ಬಲಗಿಸೆಯಲ್ಲಿ ಎಲೆ ಅಡಿಕೆ, ಎಡಗಿಸೆಯಲ್ಲಿ ದೋಣಿಯ ಸೀಳಿಗೆ ಮೆತ್ತುವ ಡಾಂಬರಿನ ಉಂಡೆ. ಕತ್ತಲಲ್ಲಿ ಒಂದರ ಬದಲು ಇನ್ನೊಂದನ್ನು ಬಾಯಿಗೆ ಹಾಕಿಕೊಂಡದ್ದೂ ಉಂಟೆಂದು ಅವಳೇ ಹೇಳಿ ನಗುತ್ತಾಳೆ.

ಇನ್ನೊಂದು ಹಟದ ಅಭ್ಯಾಸ ಅವಳದು. ಎದುರಿಗೆ ಬಂದದ್ದನ್ನು ನಡುಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ವಾರೆ ಮಾಡಿ ಆಲಿಸದೆ ಮುಂದೆ ಹೋಗುವವಳಲ್ಲ. ಕಲ್ಲಂಗಡಿ, ಕೊಡ, ಹೊಸ ಮನೆಯ ಬಾಗಿಲು, ಬಸ್ಸಿನ ತಗಡು ಎಲ್ಲವೂ ಅವಳ ಗೆಣ್ಣಿಗೆ ಉತ್ತರ ಕೊಟ್ಟೇ ತೀರಬೇಕು. ಒಮ್ಮೆ ಕೆಮ್ಮಿಗೆಂದು ದವಾಖಾನೆಗೆ ಹೋದಾಗ ಎಳೆಯ ಡಾಕ್ಟರೊಬ್ಬ ಅವಳ ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿ ನೋಡಿದನಂತೆ. "ಈತಗ ಕೆಲಸ ಬರತೈತಿ" ಎಂದು ಮಾಯವ್ವ ಇಡೀ ದವಾಖಾನೆಗೆ ಸಾರಿದಳು. ಅಂದಿನಿಂದ ಆತನ ಮಾತ್ರೆಯನ್ನಲ್ಲದೆ ಬೇರೆಯವರದನ್ನು ನುಂಗಿಲ್ಲ.

ಆದರೆ ಆ ಗೆಣ್ಣಿನ ನಿಜವಾದ ತವರು ದೋಣಿಯ ತಳ. ಕೊಣ್ಣೂರಿನ ದಡದಲ್ಲಿ ದೋಣಿ ಕೊಳ್ಳುವ, ಕೊಡುವ ಮಾತು ಎದ್ದಿತೋ, ಕರೆಯದಿದ್ದರೂ ಮಾಯವ್ವ ಅಲ್ಲಿ ನಿಂತಿರುತ್ತಾಳೆ. ಮಾರುವವರು ಅವಳ ಕೋಟು ದೂರದಲ್ಲಿ ಕಂಡರೇ ಮುಖ ಕಿವುಚುತ್ತಾರೆ. ಕೊಳ್ಳುವವರೂ ಅವಳನ್ನು ಕಂಡು ಸಂತೋಷಪಟ್ಟದ್ದು ಕಡಿಮೆಯೇ. ಬೀರಲಿಂಗನಂತೂ ಮೊದಲ ದಿನ ಅವಳ ಮೇಲೆ ಸಿಟ್ಟಿಗೆದ್ದಿದ್ದ.

ಬೀರಲಿಂಗ ಮುಶಿಗೇರಿಯವನು. ಮುಗಿಲು ನೋಡಿ ಬಿತ್ತುವ ಆ ಒಣ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಎದೆಮಟ್ಟದ ನೀರೆಂದರೆ ಕೇಳಿ ತಿಳಿದ ಸಂಗತಿ. ಹದಿನಾರು ವರ್ಷ ರೋಣದಿಂದ ಗಜೇಂದ್ರಗಡಕ್ಕೆ ಬಾಡಿಗೆಯ ಟಂಟಂ ಗಾಡಿ ಓಡಿಸಿದ. ಎಡಗಣ್ಣಿನ ನರ ಒಣಗುತ್ತಿದೆಯೆಂದು ಡಾಕ್ಟರ್ ಹೇಳಿದ ಮೇಲೂ, ರೂಢಿಯ ದಾರಿಯೆಂಬ ಧೈರ್ಯದಲ್ಲಿ ಒಂದು ತಿಂಗಳು ಓಡಿಸಿದ. ಒಂದು ಸಂಜೆ ಎಡಗಡೆಯಿಂದ ರಸ್ತೆ ದಾಟುತ್ತಿದ್ದ ಶಾಲೆಯ ಹುಡುಗಿಯ ಪಾಟೀಚೀಲ ಗಾಡಿಗೆ ತಾಗಿ ಹರಿಯಿತು. ಹುಡುಗಿಗೆ ಏನೂ ಆಗಲಿಲ್ಲ. ಚೆಲ್ಲಿದ ಪುಸ್ತಕಗಳನ್ನು ಆಯ್ದು ಕೊಟ್ಟು, ಗಾಡಿಯಲ್ಲಿದ್ದವರನ್ನು ಇಳಿಸಿ, ಬೇರೊಂದು ಟಂಟಂ ಹತ್ತಿಸಿ, ಕೀಲಿ ತೆಗೆದುಕೊಂಡು ನಡೆದೇ ಮನೆಗೆ ಬಂದವನು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಕಣ್ಣಿನ ಸಂಗತಿಯನ್ನು ಹೆಂಡತಿಯ ಹೊರತು ಯಾರಿಗೂ ಹೇಳಲಿಲ್ಲ; ಬೇಸರ ಬಂದು ಬಿಟ್ಟೆನೆಂದು ಊರವರಿಗೆಲ್ಲ ಹೇಳಿದ.

ಹೆಂಡತಿ ಪುಷ್ಪಾವತಿಯ ತವರು ಕೊಣ್ಣೂರು. "ನಮ್ಮೂರ ಹೊಳಿಯಾಗ ಮೀನ ಅದಾವ. ಹೊಳಿಯಾಗ ಎದುರಿಗೆ ಗಾಡಿ ಬರಂಗಿಲ್ಲ" ಎಂದು ಅವಳು ಒಂದು ದಿನ ರೊಟ್ಟಿ ಬಡಿಯುತ್ತ, ಅವನತ್ತ ನೋಡದೆಯೇ ಹೇಳಿದಳು. ಹಾಗೆ ಅವರು ಕೊಣ್ಣೂರಿಗೆ ಬಂದರು. ಆರು ತಿಂಗಳು ಬೇರೆಯವರ ದೋಣಿಯಲ್ಲಿ ಬಲೆ ಎಳೆಯುವ ಆಳಾಗಿ ಕುಳಿತು, ಮೀನು ಹಿಡಿಯುವ ಪರವಾನಗಿ ಕೈಗೆ ಬಂದ ಮೇಲೆ ಬೀರಲಿಂಗ ತನ್ನದೇ ದೋಣಿಯ ಯೋಚನೆಗೆ ಬಿದ್ದ.

ದೋಣಿಯ ವಿಷಯದಲ್ಲಿ ಅವನಿಗೆ ಗೊತ್ತಿದ್ದುದೆಲ್ಲ ಗಾಡಿಯ ವಿದ್ಯೆ. ಹಿನ್ನೀರಿನ ಕಡೆಯಿಂದ ದಲ್ಲಾಳಿಯೊಬ್ಬ ಟ್ರಾಲಿಯಲ್ಲಿ ಹೇರಿಕೊಂಡು ಬಂದ ಫೈಬರ್ ದೋಣಿ ಕಂಡೊಡನೆ ಮನಸೋತ. ನೀಳವಾದ ಮೈ, ಚೂಪಾದ ಮೂತಿ, ಹೊಳೆಯುವ ನೀಲಿ ಬಣ್ಣ, ಎರಡೂ ಬದಿಗೆ ರೆಕ್ಕೆ ಬಿಚ್ಚಿದ ಗರುಡ, ಹಿಂದೆ ಎಂಜಿನ್ ಕೂರಿಸಲು ಹಲಗೆ. ಅದರ ಸುತ್ತ ಅವನು ಐದು ಸಲ ತಿರುಗಿದ. ಆರನೆಯ ಸುತ್ತಿಗೆ ಬೆನ್ನ ಹಿಂದೆ ಮಾಯವ್ವನ ಗಂಟಲು ಗುಡುಗಿತು.

"ಏನ್ ಅಳಿಯಾ, ದೋಣಿ ತಗೋಳಾಕ ಬಂದೀಯೋ, ಕನ್ಯಾ ನೋಡಾಕ ಬಂದೀಯೋ?"

ಊರಿನ ಮಗಳ ಗಂಡ ಊರಿಗೆಲ್ಲ ಅಳಿಯ. ಬೀರಲಿಂಗ ಮುಜುಗರದಿಂದ ನಕ್ಕ. "ದೋಣಿ ಚಲೋ ಐತ್ರಿ ಅತ್ತಿ. ಮುಂದ ಎಂಜಿನ್ ಕೂಡ್ರಸಾಕ ಬರತೈತಿ."

"ಎಂಜಿನ್ ಇರ್ಲಿ. ಹುಟ್ಟು ಹಾಕಾಕ ಬರತೈತೇನು ನಿನಗ?"

"ಕಲಿಯಾಕತ್ತೀನ್ರಿ."

"ಈಜಾಕ?"

ಬೀರಲಿಂಗ ಹೊಳೆಯತ್ತ ನೋಡಿ ಇಲ್ಲವೆಂದು ತಲೆಯಾಡಿಸಿದ. ದಡದಲ್ಲಿ ಸೇರಿದ್ದ ಹತ್ತು ಮಂದಿಗೂ ಆ ಪ್ರಶ್ನೆ ಕೇಳಿಸಿತ್ತು. ಮಾಯವ್ವ ದೋಣಿಯನ್ನು ಮಗುಚಿಸಿ, ಮೂತಿಯಿಂದ ಬಾಲದವರೆಗೆ ಗೇಣು ಗೇಣಿಗೂ ತಟ್ಟುತ್ತ ಬಂದಳು. ಫೈಬರ್ ಒಂದೇ ಸಮ ಟಣಟಣ ಎನ್ನುತ್ತಿತ್ತು. ನಡುಭಾಗದ ಎಡಕ್ಕೆ ಬಂದಾಗ ಅವಳ ಕೈ ನಿಂತಿತು, ಹಿಂದೆ ಸರಿಯಿತು, ಮತ್ತೆ ಅಲ್ಲಿಗೇ ಬಂತು.

"ಇಲ್ಲಿ ದನಿ ಸತ್ತೈತಿ" ಎಂದಳು.

"ಯಮ್ಮಾ, ನಾ ನಿಮಗ ಮಾರಾಕ ಬಂದಿಲ್ಲ" ಎಂದ ದಲ್ಲಾಳಿ. "ತಗೋಳಾವ್ರು ಅವ್ರು. ಅವ್ರ ನೋಡ್ಲಿ."

ಬೀರಲಿಂಗ ತಾನೂ ತಟ್ಟಿದ, ಕಿವಿ ಇಟ್ಟ. ಅವನಿಗೆ ಎಲ್ಲ ಒಂದೇ ಕೇಳಿಸಿತು. ಆದರೆ ದಡದ ಮಂದಿಯಲ್ಲಿ ಗುಜುಗುಜು ಹುಟ್ಟಿತ್ತು. ಬಣ್ಣ ಕೆರೆದು ನೋಡುತ್ತೇನೆಂದು ಮುದುಕಿ ಪಟ್ಟು ಹಿಡಿದಳು. ದಲ್ಲಾಳಿ ಒಪ್ಪದೆ, ಮಾತಿಗೆ ಮಾತು ಬೆಳೆದು, ಅರ್ಧ ತಾಸಿನಲ್ಲಿ ನೀಲಿ ದೋಣಿ ಮತ್ತೆ ಟ್ರಾಲಿ ಏರಿ ನರಗುಂದದ ದಾರಿ ಹಿಡಿಯಿತು. ಕೈಗೆ ಬಂದ ಗರುಡ ಹಾರಿಹೋದುದನ್ನು ನೋಡುತ್ತ ನಿಂತ ಬೀರಲಿಂಗನಿಗೆ ತಡೆಯಲಾಗಲಿಲ್ಲ.

"ನಿಮ್ಮನ್ನ ಯಾರ ಕರದಿದ್ರು ಅತ್ತಿ?"

"ಯಾರೂ ಕರದಿಲ್ಲ" ಎಂದು ಮಾಯವ್ವ ಅಷ್ಟೇ ಸಹಜವಾಗಿ ಹೇಳಿ, ಎಲೆಗೆ ಸುಣ್ಣ ಹಚ್ಚತೊಡಗಿದಳು.

ಮರುದಿನ ಬೆಳಿಗ್ಗೆ ಚಹಾ ಕುದಿಯುವ ಹೊತ್ತಿಗೆ ಅವಳು ಬೀರಲಿಂಗನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತಿದ್ದಳು. ಮಾತಾಡಿಸಬಾರದೆಂದು ಅವನು ಒಳಗೇ ಉಳಿದ. ಪುಷ್ಪಾವತಿ ಕಪ್ಪು ಬಸಿಯಲ್ಲಿ ಚಹಾ ಕೊಟ್ಟು ಬಂದಳು. ಮಾಯವ್ವ ಗೋಡೆಯ ಆಚೆಯಿದ್ದವನಿಗೆ ಕೇಳಲೆಂದು ದನಿ ಎತ್ತುವ ಅಗತ್ಯವೇ ಇರಲಿಲ್ಲ.

"ನನ್ನ ತಮ್ಮ ಶಿವನಪ್ಪನ ನೀ ನೋಡಿಲ್ಲ. ಗಜೇಂದ್ರಗಡದಾಗ ಮಗ್ಗದ ಕೆಲಸ ಮಾಡ್ತಾನ. ಈ ಹೊಳಿಮ್ಯಾಲ ಅವನಂಥಾ ಅಂಬಿಗ ಇದ್ದಿಲ್ಲ" ಎಂದು ಅವಳು ಆರಂಭಿಸಿದಳು.

ಇಪ್ಪತ್ತೆರಡು ವರ್ಷದ ಹಿಂದೆ ಶಿವನಪ್ಪ ಹೊಸದಾಗಿ ಮರದ ದೋಣಿಯೊಂದನ್ನು ಕೊಂಡು ತಂದ. ಬಂಧುಬಳಗ ಕೂಡಿತ್ತು, ಹೊಳೆಗೆ ಪೂಜೆಯಾಗಿತ್ತು, ಕಾಯಿ ಒಡೆದಿತ್ತು. ಆರತಿಯ ತಟ್ಟೆ ಹಿಡಿದು ನಿಂತ ಮಾಯವ್ವ ಅಭ್ಯಾಸಬಲದಿಂದ ತಳ ತಟ್ಟಿದಾಗ ಒಂದು ಹಲಗೆ ತಪ್ಪು ದನಿ ಕೊಟ್ಟಿತು. ಗಂಡಸರೆಲ್ಲ ನೋಡಿ ತಂದದ್ದು, ಶುಭದ ಹೊತ್ತು, ಹೆಣ್ಣುಮಗಳು ಅಪಶಕುನ ನುಡಿಯುವುದೇ ಎಂದು ಅವಳು ಸುಮ್ಮನಾದಳು. ಹದಿನೈದನೆಯ ದಿನ ನಡುಹೊಳೆಯಲ್ಲಿ ಅದೇ ಹಲಗೆ ಸೀಳಿತು. ಶಿವನಪ್ಪ ಒಂದು ಹುಟ್ಟನ್ನು ತಬ್ಬಿಕೊಂಡು ಎರಡು ಹರದಾರಿ ಕೆಳಗೆ ದಡ ಸೇರಿದ. ಬದುಕಿದ. ಮನೆಗೆ ಬಂದು, ಮೈ ಒರೆಸಿಕೊಂಡು, ಅಕ್ಕನನ್ನು ಒಂದೇ ಮಾತು ಕೇಳಿದ.

"'ಅಕ್ಕಾ, ನೀ ತಟ್ಟಿ ನೋಡಿದ್ದಿ. ನಿನಗ ಗೊತ್ತಿತ್ತೇನು?' ಅಂದ. ಸುಳ್ಳ ಹೇಳಾಕ ಬಾಯಿ ಬರಲಿಲ್ಲ. ಹೌದಂದ್ನಿ."

ಶಿವನಪ್ಪ ಬೈಯಲಿಲ್ಲ. ಹಬ್ಬಕ್ಕೆ ಈಗಲೂ ಬರುತ್ತಾನೆ, ಉಣ್ಣುತ್ತಾನೆ, ಅಕ್ಕನಿಗೆ ಸೀರೆ ತರುತ್ತಾನೆ. ಆದರೆ ಅಂದಿನಿಂದ ದೋಣಿಯಲ್ಲಿ ಕಾಲಿಟ್ಟಿಲ್ಲ.

"ಕರದ್ರಷ್ಟ ಹೋಗಬೇಕಂತಿದ್ರ ನಾ ಎಲ್ಲಿಗೂ ಹೋಗಂಗಿಲ್ಲ ಅಳಿಯಾ" ಎಂದು ಮಾಯವ್ವ ಬಸಿ ಕೆಳಗಿಟ್ಟಳು. "ಇಂಥಾದ್ದಕ್ಕ ಯಾರೂ ಕರಿಯಂಗಿಲ್ಲ. ಎದ್ದು ಅಂಗಿ ಹಾಕ್ಕೋ. ನರಗುಂದಕ್ಕ ಹೋಗೂಣು."

ಬೀರಲಿಂಗ ಅಂಗಿ ಹಾಕಿಕೊಂಡ.

ನರಗುಂದದಲ್ಲಿ ಇಮಾಮಸಾಬನದು ವೆಲ್ಡಿಂಗ್ ಅಂಗಡಿ. ವರ್ಷವೆಲ್ಲ ಕುಂಟೆ, ಟ್ರಾಲಿ, ಗೇಟುಗಳ ಕೆಲಸ. ಬೇಸಗೆಯಲ್ಲಿ ಎರಡೋ ಮೂರೋ ತಗಡಿನ ದೋಣಿ. ಇವರನ್ನು ಕಂಡವನೇ ಅವನು ಕಣ್ಣಿನ ಕನ್ನಡಕ ಮೇಲೇರಿಸಿ ನಕ್ಕ.

"ನಿನ್ನಿ ಒಂದು ನೀಲಿ ದೋಣಿ ಬಂದಿತ್ತು ಅಮ್ಮಾ. ತಳಕ್ಕ ಕಬ್ಬಿಣದ ಪಟ್ಟಿ ಬಡಿಸಾಕ ತಂದಿದ್ರು. ಬಣ್ಣ ಕೆರದ್ರ ಗೇಣುದ್ದ ಸೀಳ. ಮ್ಯಾಲ ಮೆತ್ತಿ ಬಣ್ಣ ಹೊಡದಾರ. ತಂದಾವನೂ ಬೆವತು ಹೋದ, ಅವಗೂ ಗೊತ್ತಿದ್ದಿಲ್ಲ ಪಾಪ."

ಬೀರಲಿಂಗನ ಮುಖ ಹೇಗಾಯಿತೆಂದು ಮಾಯವ್ವ ನೋಡಲಿಲ್ಲ. ನೋಡಬಾರದೆಂದೇ ಅವಳು ಬೇಗ ಬೇಗನೆ ಅಂಗಳದಲ್ಲಿದ್ದ ದೋಣಿಗಳ ಕಡೆ ನಡೆದುಬಿಟ್ಟಿದ್ದಳು. ಗೆದ್ದವರಲ್ಲಿ ಇಂಥ ಸೌಜನ್ಯ ವಿರಳ.

ಅಲ್ಲಿ ಎರಡು ದೋಣಿಗಳಿದ್ದವು. ಒಂದು ಉದ್ದನೆಯದು, ಕಣ್ಣಿಗೆ ಒಪ್ಪುವಂಥದು. ಇನ್ನೊಂದು ಗಿಡ್ಡ, ಅಗಲ, ಚಪ್ಪಟೆ ತಳ. ಹಿಟ್ಟು ನಾದುವ ಪರಾತಕ್ಕೆ ಯಾರೋ ಮೂತಿ ಅಂಟಿಸಿದಂತಿತ್ತು. ಮಾಯವ್ವ ಬೀರಲಿಂಗನಿಗೆ ಉದ್ದನೆಯದರ ಒಂದು ತುದಿ ಎತ್ತಿ ಹತ್ತು ಹೆಜ್ಜೆ ಎಳೆಯಲು ಹೇಳಿದಳು. ಅವನು ಮೂರು ಹೆಜ್ಜೆಗೆ ನಿಂತ. ಗಿಡ್ಡದನ್ನು ಅಂಗಳದ ಕೊನೆಯವರೆಗೂ ಎಳೆದ.

"ಹೊಳಿ ಏರಿದ ದಿನ ನಿನ್ನ ಕೂಡ ಯಾರೂ ಇರಂಗಿಲ್ಲ. ಒಬ್ಬಾವ ದಂಡಿಗೆ ಎಳಿಯಾಕ ಬರಬೇಕು" ಎಂದಳು. ಆಮೇಲೆ ಎರಡೂ ತುದಿಯ ಕೂರುವ ಹಲಗೆಗಳ ಕೆಳಗೆ ಬಗ್ಗಿ ನೋಡಿದಳು. ನೀರು ಹೊಗದಂತೆ ಬೆಸುಗೆ ಹಾಕಿ ಮುಚ್ಚಿದ ಗಾಳಿಪೆಟ್ಟಿಗೆಗಳು ಅಲ್ಲಿದ್ದವು. ದೋಣಿ ತುಂಬಿದರೂ ಅದನ್ನು ಮುಳುಗಗೊಡದವು ಅವೇ.

"ಇಪ್ಪತ್ತ ವರ್ಷ ನಿಮ್ಮ ಕಡಿಂದ ಬೈಸ್ಕೊಂಡ ಮ್ಯಾಲ ಪೆಟ್ಟಿಗಿ ಇಲ್ಲದ ದೋಣಿ ನಾ ಮಾಡೇ ಇಲ್ಲ ಅಮ್ಮಾ" ಎಂದ ಇಮಾಮಸಾಬ. ದೂರಿನಂತೆ ಆರಂಭವಾದ ಆ ಮಾತು ಮುಗಿಯುವಾಗ ಹೆಮ್ಮೆಯಾಗಿತ್ತು.

ಬೀರಲಿಂಗ ಪರಾತದಂಥ ದೋಣಿಯನ್ನು ಅಳುಕಿನಿಂದ ನೋಡಿದ. "ಛಂದ ಇಲ್ಲಲ್ರಿ ಅತ್ತಿ."

"ಛಂದ ಕಾಣೂದು ದಂಡಿಮ್ಯಾಲ ನಿಂತಾವ್ರಿಗೆ. ನೀ ಒಳಗ ಕುಂತಿರ್ತಿ."

ದೋಣಿ ಬಂದ ಮೇಲೆ ಮಾಯವ್ವ ಹನ್ನೆರಡು ದಿನ ಅವನಿಗೆ ಬಲೆ ಮುಟ್ಟಗೊಡಲಿಲ್ಲ. ಮೊದಲ ಪಾಠ ದೋಣಿ ನಡೆಸುವುದಲ್ಲ, ಮುಳುಗಿಸುವುದು. ಸೊಂಟಮಟ್ಟದ ನೀರಿನಲ್ಲಿ ದಿನಕ್ಕೆ ಹತ್ತು ಸಲ ಬೇಕೆಂದೇ ದೋಣಿಗೆ ನೀರು ತುಂಬಿಸಬೇಕು. ತುಂಬಿದ ದೋಣಿ ಎಮ್ಮೆಯ ಬೆನ್ನಿನಂತೆ ಅಂಚಷ್ಟೇ ಕಾಣುತ್ತ ತೇಲುವುದನ್ನು ಕೈಯಿಂದ ಮುಟ್ಟಿ ನಂಬಬೇಕು. ಅದರ ಮೇಲೆ ಅಡ್ಡ ಬಿದ್ದು ಕಾಲು ಬಡಿಯಬೇಕು. ಮೂವತ್ತೆಂಟು ವರ್ಷದ ಗಂಡಸು ಸೊಂಟಕ್ಕೆ ಖಾಲಿ ಎಣ್ಣೆಡಬ್ಬಿ ಕಟ್ಟಿಕೊಂಡು ಈಜು ಕಲಿಯುವ ಸೊಗಸನ್ನು ನೋಡಲು ಬಟ್ಟೆ ಒಗೆಯುವ ಹೆಂಗಸರು ಒಗೆತ ನಿಲ್ಲಿಸುತ್ತಿದ್ದರು. ಕೂರುವ ಹಲಗೆಗೆ ಒಂದು ಕುಡಗೋಲು ಕಟ್ಟಿಸಿದಳು. ಬಲೆ ಎಲ್ಲಿಯಾದರೂ ಸಿಕ್ಕಿ ದೋಣಿಯನ್ನು ಜಗ್ಗಿದರೆ ಕೊಯ್ಯಲು. "ಬಲಿ ಮ್ಯಾಲ ಜೀಂವ ಇಡಬ್ಯಾಡ" ಎಂಬ ಮಾತನ್ನು ಅವಳು ಎಷ್ಟು ಸಲ ಹೇಳಿದಳೆಂದರೆ, ಪುಷ್ಪಾವತಿ ಅಡಿಗೆಮನೆಯಲ್ಲಿ ಅದನ್ನು ಅವಳದೇ ದನಿಯಲ್ಲಿ ಅಣಕಿಸಿ ಗಂಡನನ್ನು ನಗಿಸುತ್ತಿದ್ದಳು.

ಹದಿಮೂರನೆಯ ದಿನ ಮಾಯವ್ವ ತಾನೇ ದೋಣಿ ಏರಿ, ನಡುಹೊಳೆಗೆ ನಡೆಯೆಂದಳು. ಎರಡೂ ದಡ ದೂರವಾಗಿ, ಅಗಸರ ಕಲ್ಲಿನ ಸದ್ದೂ ಕೇಳದಷ್ಟು ದೂರ ಬಂದ ಮೇಲೆ, "ಹಲಗಿ ಬದಲ್ ಮಾಡಿ ಕುಂದರ. ಬಲಿ ಎತ್ತುವಾಗ ನಿನ್ನ ಬಲಗಣ್ಣ ಮ್ಯಾಲಿಂದ ನೀರ ಬರೂ ಕಡೆ ಇರಬೇಕು" ಎಂದಳು.

ಬೀರಲಿಂಗನ ಕೈಯಲ್ಲಿ ಹುಟ್ಟು ನಿಂತಿತು. "ನಿಮಗ ಯಾರ ಹೇಳಿದ್ರು?"

"ಯಾರ್ ಹೇಳಬೇಕು? ನೀ ಹೊಳಿ ನೋಡುವಾಗೆಲ್ಲಾ ಮಾರಿ ಎಡಕ್ಕ ತಿರುವ್ತಿ." ಅವಳು ನೀರಿನಲ್ಲಿ ಕೈ ಅದ್ದಿ ಮುಖ ಒರೆಸಿಕೊಂಡಳು. "ಒಳಗ ಬಿಳೇ ಬಣ್ಣ ಹೊಡಿ. ನೀರ ಜಿನಗಿದ್ರ ಒಂದ ಕಣ್ಣಿಗೂ ಲಗೂ ಕಾಣತೈತಿ."

ಆಗ ಬೀರಲಿಂಗನಿಗೆ ಹೊಳೆದದ್ದು ಕಣ್ಣಿನ ಮಾತಲ್ಲ. ಪಿಸುಗುಟ್ಟಲು ಬಾರದ ಈ ಮುದುಕಿ ಈ ಒಂದು ಸಂಗತಿಯನ್ನು ಹನ್ನೆರಡು ದಿನ ಬಾಯಲ್ಲಿ ಇಟ್ಟುಕೊಂಡು, ಯಾರ ಕಿವಿಗೂ ಬೀಳದಂತೆ ಅವನಿಗೊಬ್ಬನಿಗೇ ಹೇಳಲು ಹೊಳೆಯ ನಡುವಿನವರೆಗೂ ಕಾದಿದ್ದಳು. ಅವನು ಹಲಗೆ ಬದಲಿಸಿ ಕುಳಿತ.

ಮಳೆಗಾಲ ಬಂತು. ಮಾಯವ್ವ ತಮ್ಮನ ಮೊಮ್ಮಗುವಿನ ಜವಳ ತೆಗೆಯುವ ಕಾರ್ಯಕ್ಕೆಂದು ಗಜೇಂದ್ರಗಡಕ್ಕೆ ಹೋಗಿದ್ದ ಸಮಯ. ಹೊಳೆ ಶಾಂತವಾಗಿಯೇ ಇದ್ದ ಒಂದು ಮುಂಜಾನೆ ಬೀರಲಿಂಗ ಬಲೆ ಎತ್ತುತ್ತಿದ್ದಾಗ, ಮೇಲೆಲ್ಲೋ ಸುರಿದ ಮಳೆಗೆ ಹಳ್ಳವೊಂದು ನುಗ್ಗಿ ನೀರಿನ ಬಣ್ಣ ಒಮ್ಮೆಲೇ ಕೆಂಪಾಯಿತು. ಬಲಗಣ್ಣಿಗೆ ಅದು ದೂರದಲ್ಲಿಯೇ ಕಂಡಿತು, ಅದರೊಡನೆ ಉರುಳಿ ಬರುತ್ತಿದ್ದ ಜಾಲಿಯ ಮರವೂ ಕಂಡಿತು. ಕಂಡುದರಿಂದ ಅವನು ದೋಣಿಯ ಮೂತಿ ತಿರುಗಿಸಿಕೊಂಡ. ಮರ ದೋಣಿಗೆ ಬಡಿಯಲಿಲ್ಲ, ಬಲೆಗೆ ಸಿಕ್ಕಿತು. ಬಲೆ ದೋಣಿಯ ಅಂಚನ್ನು ಕೆಳಗೆ ಜಗ್ಗಿತು. ಕೆಂಪು ನೀರು ಮೊಣಕಾಲು ಮುಟ್ಟಿತು. ವರ್ಷದ ದುಡಿಮೆ ಸುರಿದ ಬಲೆ, ಆ ದಿನದ ತುಂಬು ಮೀನು. ಒಂದು ಕ್ಷಣ ಅವನ ಕೈ ಬಲೆಯ ಹಗ್ಗವನ್ನೇ ಹಿಡಿದಿತ್ತು. ಮರುಕ್ಷಣ ಕುಡಗೋಲು ಕೈಗೆ ಬಂತು.

ಹಗ್ಗ ಕೊಯ್ದೊಡನೆ ದೋಣಿ ಸೆಟೆದು ಮೇಲೆದ್ದು, ಅಂಚಿನವರೆಗೆ ನೀರು ತುಂಬಿಕೊಂಡು, ಅಷ್ಟಕ್ಕೇ ನಿಂತಿತು. ಮುಳುಗಲಿಲ್ಲ. ಬೀರಲಿಂಗ ಅದರ ಮೇಲೆ ಅಡ್ಡ ಬಿದ್ದು ಕಾಲು ಬಡಿಯತೊಡಗಿದ. ಹೆದರಿಕೆಯಾಗಲಿಲ್ಲವೆಂದಲ್ಲ, ಆದರೆ ಇದನ್ನು ತಾನು ನೂರು ಸಲ ಮಾಡಿದ್ದೇನೆಂದು ಅವನ ಕಾಲುಗಳಿಗೆ ಅವನಿಗಿಂತ ಮೊದಲೇ ನೆನಪಾಗಿತ್ತು. ಹೊಳೆ ಅವನನ್ನು ಒಂದು ಮೈಲು ಕೆಳಗೆ, ಗೋವಿನಜೋಳದ ಹೊಲವೊಂದರ ಅಂಚಿಗೆ ತಂದು ಒಗೆಯಿತು. ದೋಣಿ ಮಗುಚಿ ನೀರು ಹೊರಚೆಲ್ಲಿ, ಅದನ್ನು ಒಬ್ಬನೇ ದಂಡೆಗೆ ಎಳೆದುಕೊಂಡು ಕುಳಿತವನು ಬಹಳ ಹೊತ್ತು ಅದರ ಕುರೂಪದ ಮೂತಿಯ ಮೇಲೆ ಕೈಯಾಡಿಸಿದ.

ಎರಡು ದಿನದ ಮೇಲೆ ಮಾಯವ್ವ ಬಸ್ಸಿಳಿದು, ಸುದ್ದಿ ಕೇಳಿ, ನೇರ ದಡಕ್ಕೇ ಬಂದಳು. ಬೀರಲಿಂಗ ಓಡಿಹೋಗಿ ಕಾಲು ಮುಟ್ಟಲು ಬಾಗಿದ. ಪುಷ್ಪಾವತಿ ಹಿಂದೆ ನಿಂತು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ಮುದುಕಿ ಗಲಿಬಿಲಿಗೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ನನ್ನ ಕಾಲಿನಾಗ ಏನೈತಿ? ಅಲ್ನೋಡು, ಎಡಕ್ಕ ಬಣ್ಣ ಎದ್ದೈತಿ, ಜಂಗ ಹಿಡೀತೈತಿ. ಬಲಿ ಹೋತೇನು?"

"ಹೋತ್ರಿ ಅತ್ತಿ."

"ಹೋಗ್ಲಿ" ಎಂದಳು ಮಾಯವ್ವ. ಅಷ್ಟು ಹೇಳಿದವಳು ದೋಣಿಯ ಅಂಚಿನ ಮೇಲೆ ಕುಳಿತುಬಿಟ್ಟಳು. ಕೋಟಿನ ಕಿಸೆಗಳಲ್ಲಿ ಎಲೆಗಾಗಿ ಹುಡುಕಾಡಿದಳು, ಕೈಗೆ ಸಿಕ್ಕರೂ ಸಿಗದವಳಂತೆ ಬಹಳ ಹೊತ್ತು ಹುಡುಕಾಡಿದಳು.

ಉಪಕಾರವೆಂದರೆ ಸಾಮಾನ್ಯವಾಗಿ ನಮಗೆ ಯಾರೋ ಕೊಟ್ಟದ್ದು. ಕೊಟ್ಟ ವಸ್ತು ಮನೆಯಲ್ಲಿ ಕಣ್ಣಿಗೆ ಬೀಳುತ್ತ ಕೊಟ್ಟವರನ್ನು ನೆನಪಿಸುತ್ತಿರುತ್ತದೆ. ಮಾಯವ್ವನಂಥವರು ಕೊಡುವುದು ಆಗದೆ ಹೋದ ಅನಾಹುತಗಳನ್ನು. ಅವಕ್ಕೆ ಆಕಾರವಿಲ್ಲ, ತಾರೀಖಿಲ್ಲ. ಬೀರಲಿಂಗನಿಗೆ ಹೊಳೆ ಒಂದು ದಿನ ಅದನ್ನು ತೋರಿಸಿಕೊಟ್ಟಿತು, ಉಳಿದ ಎಷ್ಟೋ ಮಂದಿಗೆ ಅದು ತಿಳಿಯುವುದೇ ಇಲ್ಲ. ಬಾವಿ ತೋಡುವಲ್ಲಿ, ಮಾಳಿಗೆಗೆ ತೊಲೆ ಏರಿಸುವಲ್ಲಿ, ಬೀಜ ಕೊಳ್ಳುವಲ್ಲಿ ಕರೆಯದೆ ಬಂದು ನಿಂತು, ಸಂಭ್ರಮದ ಹೊತ್ತಿನಲ್ಲಿ ಒಂದು ಅಡ್ಡಮಾತು ಆಡಿ, ಬೈಸಿಕೊಂಡು ಹಿಂದಿರುಗುವ ಇಂಥ ಒಬ್ಬರು ಪ್ರತಿ ಊರಿನಲ್ಲೂ ಇದ್ದಾರು. ಅವರ ಮಾತು ಕೇಳಿದವರ ಮನೆಯಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಹೋದವನು ಹೊತ್ತಿಗೆ ಸರಿಯಾಗಿ ಬರುತ್ತಾನೆ, ಬಚ್ಚಲಿನಲ್ಲಿ ಕೈಕಾಲು ತೊಳೆಯುತ್ತಾನೆ, ರೊಟ್ಟಿ ಬಿಸಿಯಾಗಿದೆಯೇ ಎಂದು ಕೇಳುತ್ತಾನೆ.